ಕೊನೆಯ ಸಂಸದನ ಮೀಸೆ

ನೊರೆ ತಣ್ಣಗಿದೆ, ಮೂಗಿನ ಕೆಳಗೆ ಬಂದಾಗ ಸೀನು ಬಂದಂತಾಗುತ್ತದೆ, ತಡೆದುಕೊಳ್ಳುತ್ತೇನೆ, ಕನ್ನಡಿಯಲ್ಲಿ ನನ್ನ ಬೆನ್ನ ಹಿಂದಿನ ಬೀದಿ ಕಾಣುತ್ತಿದೆ, ಅದೇ ಬೀದಿ, ಆಗ ಗೋಡೆಗೋಡೆಗೂ ನನ್ನ ಮೀಸೆ ಬರೆದಿದ್ದರು, ಮುಖ ಕೂಡ ಇಲ್ಲ, ಬರೀ ಮೀಸೆ, ಮೀಸೆಗೇ ನಿಮ್ಮ ಮತ — ಈಗ ವಯಸ್ಸಾಗಿದೆ, ಗಡ್ಡ ಬೆಳೆದಿದೆ, ಯಾರಿಗೂ ಗುರುತು ಸಿಗದು ಎಂದುಕೊಂಡೇ ಒಳಗೆ ಬಂದೆ. ಕ್ಷೌರಿಕ ಪಕ್ಕದ ಕುರ್ಚಿಯ ಗಿರಾಕಿಗೆ, ಊರಿಗೆ ಹೊಸಬನಿಗೆ, ಹೇಳುತ್ತಿದ್ದಾನೆ, ಒಂದು ಕಾಲದಲ್ಲಿ ನಮ್ದೇ ಒಂದು ಕ್ಷೇತ್ರ ಇತ್ತು ಕಣ್ರೀ, ಗಿರಣಿ, ಮಾರುಕಟ್ಟೆ, ರೈಲ್ವೆ ಸ್ಟೇಷನ್, ಅಷ್ಟೇ, ಸೈಕಲ್ ಹತ್ತಿದ್ರೆ ಊಟದ ಹೊತ್ತಿಗೆ ಸುತ್ತಿ ಬರಬಹುದಿತ್ತು, ಆದ್ರೂ ಸಂಸತ್ತಲ್ಲಿ ನಮಗೊಂದು ಕುರ್ಚಿ, ಮೊದಲು ಗಿರಣಿ ಮುಖಂಡ ಗೆದ್ದ, ಆಮೇಲೆ ಡಾಕ್ಟರಮ್ಮ, ಕೊನೆಗೆ ಆ ಮೀಸೆ ಮಹಾರಾಯ. ಆಮೇಲೆ? ಆಮೇಲೇನು, ಕ್ಷೇತ್ರದ ಗಡಿ ಬದಲಿಸಿ ಮೂರು ತುಂಡು ಮಾಡಿದ್ರು. ಅಂಗಡಿ ಒಬ್ಬನ ಕ್ಷೇತ್ರ, ಮನೆ ಇನ್ನೊಬ್ಬನದು, ಚರಂಡಿ ಕಟ್ಟಿಕೊಂಡ್ರೆ ಇಬ್ರೂ ನಮ್ದಲ್ಲ ಅಂತಾರೆ.

ನಾನೇ ಅವನು ಎನ್ನಬೇಕು, ಈಗಲೇ, ಬಾಯಿ ತೆರೆದರೆ ನೊರೆ — ಅವತ್ತೂ ತೆರೆಯಲಿಲ್ಲ, ಗಡಿ ಬದಲಿಸುವ ಸಭೆಯಲ್ಲಿ ಅಧಿಕಾರಿ ಕೇಳುತ್ತಾರೆ, ಸಂಸದರದ್ದು ಏನಾದರೂ ಆಕ್ಷೇಪಣೆ ಇದೆಯೇ, ಹೊರಗೆ ಅಕ್ಕ ಮಾರುಕಟ್ಟೆಯವರನ್ನೆಲ್ಲ ಕಟ್ಟಿಕೊಂಡು ನಿಂತಿದ್ದಾಳೆ, ನನ್ನ ತಮ್ಮ ಬಿಟ್ಟುಕೊಡಲ್ಲ, ನೋಡ್ತಿರಿ ಅಂತಿದ್ದಾಳೆ, ಒಳಗೆ ನಾನು ಮೀಸೆ ತಿರುವುತ್ತ ಕೂತಿದ್ದೇನೆ, ತೆಪ್ಪಗಿದ್ರೆ ಪಕ್ಕದ ಊರಿನ ಟಿಕೆಟ್ ನಿಮ್ಗೇ ಅಂದಿದ್ದರು ಪಕ್ಷದವರು, ಕೊಡಲಿಲ್ಲ, ಕೊಡಲೇ ಇಲ್ಲ, ಥೂ ನನ್ನ ಜನ್ಮಕ್ಕಿಷ್ಟು. ಅಕ್ಕ ಬೈಯಲಿಲ್ಲ, ನನ್ನ ಕಡೆ ನೋಡಲಿಲ್ಲ ಅಷ್ಟೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಮೀಸೆ ಪುಣ್ಯಾತ್ಮ ಈಗೆಲ್ಲಿದಾನೋ, ಹೊಸಬ ನಗುತ್ತಾನೆ. ಇರ್ತಾನೆ ಎಲ್ಲೋ, ಎನ್ನುತ್ತ ಕ್ಷೌರಿಕ ನನ್ನ ಗಲ್ಲ ಎತ್ತುತ್ತಾನೆ, ಕತ್ತಿ ಗಂಟಲ ಮೇಲೆ ಮೆಲ್ಲಗೆ ಇಳಿಯುತ್ತದೆ, ಮೀಸೆ ಟ್ರಿಮ್ ಮಾಡ್ಲಾ ಸಾರ್? ತೆಗೆದುಬಿಡಪ್ಪ, ಪೂರ್ತಿ, ಎಂದುಬಿಡುತ್ತೇನೆ. ಎಡಗಡೆಯದು ಹೋಗುತ್ತದೆ. ಕೈ ನಿಲ್ಲುತ್ತದೆ. ಅವನು ಬಾಗುತ್ತಾನೆ, ಹೊಸಬನಿಗೆ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ, ಪ್ರತಿ ಚುನಾವಣೆಗೂ ನಮ್ಮಪ್ಪ ತಿದ್ದಿ ಕಳಿಸ್ತಿದ್ದ ಮೀಸೆ ಸಾರ್ ಇದು, ನನ್ ಕೈಲಿ ಆಗಲ್ಲ — ಬಾಗಿಲಲ್ಲೇ ಗುರುತು ಹಿಡಿದಿದ್ದ, ಅಷ್ಟೂ ಮಾತು ನನಗೇ ಆಡಿದ್ದು, ಕತ್ತಿ ಒರೆಸಿ ಆಚೆ ಇಟ್ಟುಬಿಟ್ಟ, ಕನ್ನಡಿಯಲ್ಲಿ ಬೀದಿ, ಬೀದಿಯ ಮುಂದೆ ನಾನು, ಅರ್ಧ ಮೀಸೆ, ಬಿಳಿಚಿದ ಬರಿ ತುಟಿ, ಅರ್ಧ ಮೀಸೆ