ಒಂದು ಹಲ್ಲೂ ಉದುರಬಾರದು

ಅತ್ತೆಯ ಹಲ್ಲುಜ್ಜುವಾಗ ಸೊಸೆಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಸೇವೆಯ ಸಂತೋಷ ಎಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ಅವಳದು ಅಪ್ಪಟ ಸೇಡು.

ಮದುವೆಯಾದ ವರ್ಷ ಹಾಲು ಉಕ್ಕಿಸಿದ ತಪ್ಪಿಗೆ ಅತ್ತೆ, "ಹಲ್ಲು ಉದುರಿಸಿಬಿಡ್ತೀನಿ!" ಎಂದಿದ್ದರು. ಎಲ್ಲ ಮನೆಗಳಲ್ಲೂ ಆಡುವ ಮಾತೇ. ಆದರೆ ಈ ಮಹಾತಾಯಿ ಆಡಿದ್ದನ್ನು ಮಾಡುವವರು. ಸ್ಟೀಲ್ ಲೋಟ ಬಂದು ಬಡಿದು ಸೊಸೆಯ ಮುಂದಿನ ಹಲ್ಲು ಅರ್ಧ ಮುರಿಯಿತು. ಕೈಜಾರಿತು ಎಂದು ಎಲ್ಲರಿಗೂ ಹೇಳಿದರು. ಅಂದಿನಿಂದ ಸೊಸೆ ನಗುವುದು ಬಾಯಿಗೆ ಕೈ ಅಡ್ಡ ಹಿಡಿದೇ.

ಈಗ ಅತ್ತೆಯ ಕೈ ನಡುಗುತ್ತದೆ, ಬ್ರಷ್ ನಿಲ್ಲುವುದಿಲ್ಲ. ಹಲ್ಲಿನ ಡಾಕ್ಟರು ಹುಳುಕು ಹಿಡಿದ ದವಡೆಹಲ್ಲಿಗೆ ಸಿಮೆಂಟು ತುಂಬಿ ಸೊಸೆಯತ್ತ ತಿರುಗಿದರು. "ದಿನಕ್ಕೆ ಎರಡು ಸಲ ನೀವೇ ಉಜ್ಜಿ. ಸಂದಿಗಳಿಗೆ ದಾರ ಹಾಕಿ ತೆಗೀರಿ. ಮಲಗೋವಾಗ ಸಿಹಿ ಬೇಡವೇ ಬೇಡ." ಸೊಸೆಗೆ ಕೇಳದೆಯೇ ವರ ಸಿಕ್ಕಂತಾಯಿತು.

ದವಡೆಯಲ್ಲೊಂದು ಪೆಪ್ಪರಮೆಂಟು ಇಟ್ಟುಕೊಳ್ಳದೆ ಅತ್ತೆಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಡಬ್ಬಿ ಅಂದೇ ಸೊಸೆಯ ಬೀರು ಸೇರಿತು. ಅತ್ತೆ ಗೋಗರೆದರು, ಮಗನಿಗೆ ದೂರು ಹೇಳಿದರು. "ಡಾಕ್ಟರೇ ಹೇಳಿದಾರಲ್ಲಮ್ಮ," ಎಂದು ಮಗ ಪೇಪರಿನಲ್ಲಿ ಮುಖ ಹುದುಗಿಸಿದ. ಇಂಥ ಸೊಸೆ ಸಿಗಲು ಪುಣ್ಯ ಮಾಡಿರಬೇಕು ಎಂದರು ಪಕ್ಕದ ಮನೆಯವರು. ಅತ್ತೆ ಹಲ್ಲು ಕಡಿದರು. ಆ ಹಲ್ಲುಗಳಾದರೂ ಎಷ್ಟು ಬೆಳ್ಳಗಾಗಿದ್ದವು!

ಸೊಸೆಗೆ ಬೇಕಾಗಿದ್ದದ್ದು ಒಂದೇ ಮಾತು. ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ, ಬೆರಳಿನಿಂದ ಅತ್ತೆಯ ಕೆನ್ನೆ ಸರಿಸಿ ಒಳಹಲ್ಲು ಉಜ್ಜುತ್ತ ಕೇಳಿಯೇಬಿಟ್ಟಳು.

"ತಪ್ಪಾಯ್ತು ಅನ್ನಿ ಅತ್ತೆ. ಡಬ್ಬಿ ಈಗಲೇ ಕೊಡ್ತೀನಿ."

ಅತ್ತೆ ಬೆರಳನ್ನು ಕಚಕ್ಕನೆ ಕಚ್ಚಿದರು. ರಕ್ತ ಬಂತು.

"ಹೇಗಿದೆ? ನೀನೇ ಸಾಕಿದ ಹಲ್ಲು ಕಣೇ," ಎಂದು ನೊರೆ ಉಗುಳಿದರು. "ಕೇಳಿಸ್ಕೋ. ಅವತ್ತು ಲೋಟ ಕೈಜಾರಿದ್ದಲ್ಲ. ಗುರಿಯಿಟ್ಟೇ ಎಸೆದಿದ್ದೆ."

ಸೊಸೆಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಆ ಬಾಯಿಂದ ಕೇಳಿದ್ದು ಮಾತ್ರ ಇದೇ ಮೊದಲು. ಅವಳು ಬೆರಳನ್ನು ನಲ್ಲಿ ನೀರಿಗೆ ಹಿಡಿದಳು. ಆಮೇಲೆ ನಕ್ಕಳು, ಕೈ ಅಡ್ಡ ಹಿಡಿಯದೆ, ಮುರಿದ ಹಲ್ಲು ಪೂರ್ತಿ ಕಾಣುವ ಹಾಗೆ. ಬ್ರಷ್ಷಿಗೆ ಇನ್ನಷ್ಟು ಪೇಸ್ಟು ಹಾಕಿದಳು.

"ಬಾಯಿ ತೆಗೀರಿ ಅತ್ತೆ. ನಿಮಗೆ ನೂರು ವರ್ಷ ಆದ್ರೂ ಒಂದು ಹಲ್ಲೂ ಉದುರೋಕೆ ಬಿಡಲ್ಲ. ಒಂದು ಪೆಪ್ಪರಮೆಂಟೂ ಸಿಗಲ್ಲ."