ಉಗುಳದೆ ಉಳಿದ ಗುಟುಕು

ಹೆಂಡ ಮಾಡುವ ಹಾವಿಸ್ ತನ್ನ ಬಾಗಿಲ ಮೇಲೆ ಪೊರಕೆ ಕಟ್ಟಿದಳೆಂದರೆ ಬಾರ್ಲಿ ಹೆಂಡ ಹದಕ್ಕೆ ಬಂದಿದೆಯೆಂದು ಹಳೇ ಕಾಲದ ಲಂಡನ್ನಿನ ಮೀನು ಮಾರುವ ಓಣಿಗೆಲ್ಲ ಗೊತ್ತು. ಆದರೆ ನಗರದ ರುಚಿಗಾರ ಬಂದು ಕುಡಿದು ಒಪ್ಪುವ ತನಕ ಒಂದು ತೊಟ್ಟೂ ಮಾರುವ ಹಾಗಿಲ್ಲ. ಅವನು ಕೆಟ್ಟಿದೆ ಎಂದರೆ ಮುಗಿಯಿತು, ಪೀಪಾಯಿಯನ್ನು ಬೀದಿಗೆ ಸುರಿದು ಪೊರಕೆ ಇಳಿಸಬೇಕು. ಗಂಡ ಸತ್ತ ಮೇಲೆ ಹಾವಿಸಳ ಮನೆ ನಡೆಯುತ್ತಿದ್ದದ್ದೇ ಆ ಪೊರಕೆಯಿಂದ.

ರುಚಿಗಾರ ಆಸ್ಬರ್ಟನಿಗೂ ಅದು ಚೆನ್ನಾಗಿ ಗೊತ್ತಿತ್ತು. ಮಟಮಟ ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಬಂದವನು ಮೆಲ್ಲಗೆ ಕೇಳಿದ: "ನಮ್ಮನೆಗೊಂದು ಪೀಪಾಯಿ ಕಳಿಸ್ತೀಯಲ್ಲಮ್ಮ?"

"ಯಾಕ್ ಸ್ವಾಮಿ, ನಿಮ್ಮನೇಲೇನಾದ್ರೂ ಮದುವೇನಾ?"

"ಉಳಿದೋರೆಲ್ಲ ಕಳಿಸ್ತಾರೆ."

"ಅವರ ಹೆಂಡ ಕೆಟ್ಟಿರುತ್ತೆ, ಕಳಿಸ್ತಾರೆ. ನಂದು ಚೆನ್ನಾಗಿದೆ. ಕುಡಿದು ಹೇಳಿ."

ಕುಡಿದ. ಬಿಸಿಲಲ್ಲಿ ನಡೆದು ಬಂದ ಬಾಯಿ, ಪಾಪ, ಬಟ್ಟಲು ಖಾಲಿಯಾದದ್ದೇ ತಿಳಿಯಲಿಲ್ಲ. "ಇನ್ನೊಂದ್ಸಲ ನೋಡೋಣ" ಎಂದು ಎರಡನೆಯದನ್ನೂ ಗಟಗಟ ಇಳಿಸಿದ. ಮೀಸೆಯ ನೊರೆ ನೆಕ್ಕಿಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದ: "ಕೆಟ್ಟಿದೆ! ಸುರೀರಿ ಬೀದಿಗೆ!" ಕೂಗಿದವನೇ ಪೊರಕೆಯ ಗಂಟಿಗೆ ಕೈ ಹಾಕಿದ.

ಹಾವಿಸಳಿಗೆ ಮೈಯೆಲ್ಲ ಉರಿದುಹೋಯಿತು. ವಾರಗಟ್ಟಲೆ ಬಾರ್ಲಿ ಮೊಳಕೆ ಬರಿಸಿ, ಹೊಗೆ ಕುಡಿದು ಮಾಡಿದ ಹೆಂಡ ಅದು! ಸೊಂಟಕ್ಕೆ ಕೈಯಿಟ್ಟು ಅವನೆದುರು ನಿಂತಳು.

"ಕೈ ತೆಗೀರಿ! ಕೆಟ್ಟಿದ್ರೆ ರುಚಿಗಾರ ಎಲ್ಲರೆದುರು ಬೀದಿಗೆ ಉಗುಳ್ಬೇಕು. ನಿಮ್ಮಜ್ಜನ ಕಾಲದಿಂದ್ಲೂ ಇದೇ ಪದ್ಧತಿ. ಎಲ್ಲಿ ಉಗುಳಿದ್ರಿ, ತೋರಿಸಿ!"

ಆಸ್ಬರ್ಟ್ ತಬ್ಬಿಬ್ಬಾದ. ಪದ್ಧತಿ ಗೊತ್ತಿಲ್ಲದವನೇನಲ್ಲ, ಬಾಯಾರಿಕೆಯಲ್ಲಿ ಮರೆತಿದ್ದ. ಕಾಲ ಬಳಿಯ ನೆಲ ಒಣಗಿ ಬಿರುಕು ಬಿಟ್ಟಿತ್ತು.

ಎದುರಿಗೆ ಮೀನು ಕತ್ತರಿಸುತ್ತಿದ್ದ ಎಮ್ಮೋಟಜ್ಜಿ ತಲೆಯೆತ್ತಿದಳು. "ನಾನಿಲ್ಲೇ ಕೂತಿದ್ನಲ್ಲಪ್ಪ. ಎರಡು ಬಟ್ಟಲು ಒಳಗೋಯ್ತು. ನೊಣಕ್ಕೂ ಒಂದು ಹನಿ ಬಿಡ್ಲಿಲ್ಲ ನೀನು."

ಓಣಿ ಘೊಳ್ಳೆಂದಿತು. "ಉಗುಳಿ ಸ್ವಾಮಿ, ಈಗ್ಲಾದ್ರೂ ಉಗುಳಿ!"

"ಮೇಯರ್ ಮುಂದೆ ನಿಲ್ಲಿಸ್ತೀನಿ ನಿನ್ನ!" ಎಂದು ಆಸ್ಬರ್ಟ್ ಹಾವಿಸಳ ಮೇಲೆ ಹರಿಹಾಯ್ದ.

"ನಡೀರಿ, ಈಗ್ಲೇ ಹೋಗೋಣ. ಪೀಪಾಯಿನೂ ಹೊತ್ಕೊಂಡ್ ಬರ್ತೀನಿ, ಈ ಅಜ್ಜೀನೂ ಕರ್ಕೊಂಡ್ ಬರ್ತೀನಿ. ಅವರ ಮುಂದೆ ಕುಡೀರಿ, ಅಲ್ಲೇ ಉಗುಳಿ."

ಆಸ್ಬರ್ಟ್ ಏನೋ ಗೊಣಗಿದ.

"ಕೇಳಿಸ್ಲಿಲ್ಲ."

"ಚೆನ್ನಾಗಿದೆ ಅಂದೆ!"

ಎದ್ದುಬಿದ್ದು ಹೊರಟವನನ್ನು ಹಾವಿಸ್ ಬಿಡಲಿಲ್ಲ. "ಗಂಟು ಸಡಿಲ ಮಾಡಿದ್ದೀರಲ್ಲ. ಕಟ್ಟಿ ಹೋಗಿ."

ಓಣಿಗೆ ಓಣಿಯೇ ನೋಡುತ್ತಿರಲು ನಗರದ ರುಚಿಗಾರ ತುದಿಗಾಲಲ್ಲಿ ನಿಂತು ಪೊರಕೆ ಕಟ್ಟಿದ.

"ಇನ್ನೊಂದು ಸುತ್ತು," ಎಂದಳು ಹಾವಿಸ್. "ಬಿಗಿಯಾಗಿ."