ಬೆಣ್ಣೆ ಮೇಸ್ತ್ರಿಯ ಎಣ್ಣೆಯಿಲ್ಲದ ಬ್ರೆಡ್ಡು

ಒಂದೇ ಸೂರಿನಡಿ ಇಬ್ಬರಿದ್ದು, ಇಬ್ಬರೂ ಬೇರೆ ಬೇರೆ ಹೊತ್ತಿಗೆ ಒಬ್ಬೊಬ್ಬರೇ ಉಣ್ಣುವ ಮನೆ ನಿಮ್ಮ ಬೀದಿಯಲ್ಲೂ ಒಂದಿದ್ದೀತು. ಜಗಳವಿಲ್ಲ, ಮನಸ್ತಾಪವಿಲ್ಲ. ಆದರೂ ಎರಡು ತಟ್ಟೆ ಒಟ್ಟಿಗೆ ತೊಳೆಯುವ ಪ್ರಮೇಯವೇ ಬರುವುದಿಲ್ಲ. ನಮ್ಮ ಬೆಣ್ಣೆ ಮೇಸ್ತ್ರಿಯ ಮನೆ ಅಂಥದ್ದು.

ಮೇಸ್ತ್ರಿ ಮೂವತ್ತೈದು ವರ್ಷ ಬೇಕರಿಯ ಒಲೆಯ ಮುಂದೆ ನಿಂತವರು. ಅವರ ಬನ್ನು ಹಿಂಡಿದರೆ ಬೆಣ್ಣೆ ಇಳಿಯುತ್ತದೆ ಅಂತ ತಮಾಷೆ ಮಾಡಿ ಮಾಡಿ ಬೀದಿಯವರೇ ಆ ಹೆಸರಿಟ್ಟರು. ಒಬ್ಬನೇ ಮಗ ವೈರಿಂಗ್ ಕೆಲಸದವನು. ದಿನಾ ಕೆಲಸಕ್ಕೆ ಹೋಗುವ ಮುಂಚೆ ಬೇಕರಿಯ ಹಿಂಬಾಗಿಲಿಗೆ ಬಂದು, ಅಪ್ಪನ ಕೈಯಿಂದಲೇ ಬಿಸಿ ಬನ್ನು ಎರಡು ಇಸಿದುಕೊಂಡು, ಇನ್ನೆರಡನ್ನು ಹೆಂಡತಿಗೆ ಅಂತ ಅಂಗಿಯ ಜೇಬಿಗೆ ತುರುಕಿಕೊಂಡು ಹೋಗುತ್ತಿದ್ದ. ಎರಡು ವರ್ಷದ ಹಿಂದೆ ಏಣಿಯ ಮೇಲಿದ್ದವನು ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ತಲುಪಲಿಲ್ಲ. ನಲವತ್ತೆರಡು ವಯಸ್ಸು. ರಕ್ತನಾಳದಲ್ಲಿ ಕೊಬ್ಬು ಕಟ್ಟಿತ್ತು ಅಂದರು ಡಾಕ್ಟರು.

ಆ ಮಾತು ಕೇಳಿದ ದಿನವೇ ಮೇಸ್ತ್ರಿ ಕೆಲಸ ಬಿಟ್ಟರು. ಆಮೇಲೆ ಒಂದು ಹಿಡಿ ಹಿಟ್ಟನ್ನೂ ಮುಟ್ಟಲಿಲ್ಲ.

ಸೊಸೆ ಬಸ್ ಕಂಡಕ್ಟರು. ಬೆಳಗಿನ ಮೊದಲ ಬಸ್ಸು ಅವಳದು. ಎದ್ದು, ಮುಖ ತೊಳೆದು, ಟಿಕೆಟ್ ಮಷೀನು ಹೆಗಲಿಗೆ ಹಾಕಿಕೊಂಡು, "ಮಾವ, ಬಾಗಿಲು ಹಾಕ್ಕೊಳ್ಳಿ" ಅಂದರೆ ಆ ದಿನದ ಮಾತು ಅರ್ಧ ಮುಗಿಯಿತು. ಸಂಜೆ "ಮಾವ, ಬಂದೆ" ಅಂದರೆ ಉಳಿದರ್ಧವೂ ಮುಗಿಯಿತು. ಮಗ ಹೋದ ಮೇಲೆ ಅವಳು ಮಾವನ ಕೈಯಿಂದ ಏನನ್ನೂ ತಿಂದಿರಲಿಲ್ಲ. ಅವರು ಒಂದು ಲೋಟ ಟೀ ಮಾಡಿಟ್ಟರೂ, ಅದು ಮುಚ್ಚಳ ಹಾಕಿದ ಹಾಗೇ ಆರಿ ತಣ್ಣಗಾಗಿರುತ್ತಿತ್ತು. ಮೇಸ್ತ್ರಿಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತು ಅಂದುಕೊಂಡಿದ್ದರು. 'ಗಂಡನಿಗೆ ಬೆಣ್ಣೆ ತಿನ್ನಿಸಿ ಕೊಂದ ಕೈ ಇದು. ಈ ಕೈಯಿಂದ ಹೇಗೆ ತಿಂದಾಳು?' ಅಂತ ಒಬ್ಬರೇ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಒಂದು ದಿನ ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿದ್ದ ಅವಳ ಚೀಲದಿಂದ ಒಂದು ಕಾಗದ ಕೆಳಗೆ ಬಿದ್ದಿತ್ತು. ಡಿಪೋದಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದ್ದರಂತೆ. ಕನ್ನಡಕ ಹಾಕಿಕೊಂಡು ನೋಡಿದರು. ಎರಡು ಸಾಲಿಗೆ ಕೆಂಪು ಗೆರೆ ಎಳೆದಿತ್ತು. ಕಾಗದ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ನೇರ ಆರೋಗ್ಯ ಕೇಂದ್ರಕ್ಕೆ ನಡೆದರು.

ಅಲ್ಲಿನ ನರ್ಸಮ್ಮ ಬೀದಿ ಬೀದಿ ತಿರುಗಿ ಬಿಪಿ ನೋಡುವವಳು. ಬಾಯಿ ಜೋರು, ಮನಸ್ಸು ಮೆತ್ತಗೆ.

"ಅವಳ ಚೀಟಿ ಅವಳನ್ನ ಕೇಳದೇ ತಂದಿದ್ದು ತಪ್ಪು ಮೇಸ್ತ್ರಿ."

"ಬಯ್ಯಿ ತಾಯಿ, ಎಷ್ಟು ಬೇಕಾದ್ರೂ ಬಯ್ಯಿ. ಮೊದಲು ಆ ಕೆಂಪು ಗೆರೆ ಏನು ಅಂತ ಹೇಳು."

ನರ್ಸಮ್ಮ ಕಾಗದ ಬಿಡಿಸಲಿಲ್ಲ. "ಇದನ್ನ ವಾಪಸ್ ಕೊಟ್ಟು, ತಪ್ಪಾಯ್ತು ಅನ್ನಿ. ಅವಳು ಮೊನ್ನೆ ತಾನಾಗೇ ಬಂದು ನನಗೆ ತೋರಿಸಿದ್ದಾಳೆ. ಮಾವನಿಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ, ಗಾಬರಿ ಆಗದ ಹಾಗೆ ನೀವೇ ಹೇಳಿ ಅಂದ್ಲು. ರಕ್ತದಲ್ಲಿ ಕೊಬ್ಬು ಜಾಸ್ತಿ. ಸಕ್ಕರೆ ಗಡಿ ಮೇಲೆ ನಿಂತಿದೆ. ಕಾಯಿಲೆ ಅನ್ನೋ ಮಟ್ಟಕ್ಕೆ ಹೋಗಿಲ್ಲ. ಈಗಲೇ ಹಿಡಿದ್ರೆ ಹಿಡಿತಕ್ಕೆ ಬರುತ್ತೆ. ಬೆಳಿಗ್ಗೆ ಏನು ತಿಂದು ಹೋಗ್ತಾಳೆ?"

"ಏನೂ ಇಲ್ಲ."

"ಅದೇ ನೋಡಿ. ಹತ್ತು ಗಂಟೆಗೆ ಹಸಿವು ತಡೀಲಾರದೆ ಸ್ಟ್ಯಾಂಡಿನಲ್ಲಿ ಎಣ್ಣೇಲಿ ಕರಿದದ್ದು ಎರಡು, ಸಕ್ಕರೆ ಟೀ ಎರಡು. ದಿನಾ ಇದೇ ಆದ್ರೆ ರಕ್ತ ಏನು ಮಾಡೀತು, ಪಾಪ?"

ಮೇಸ್ತ್ರಿ ತಮ್ಮ ಅಂಗೈ ನೋಡಿಕೊಂಡರು. "ಮಗನನ್ನ ನನ್ನ ಕೈಯಾರೆ ಕಳಕೊಂಡೆ. ಇವಳೂ ಹೋದ್ರೆ ಆ ಮನೇಲಿ ನಾನು ಗೋಡೆ ನೋಡ್ಕೊಂಡು ಕೂರ್ಬೇಕು."

"ಮೇಸ್ತ್ರಿ, ಬರೀ ಬನ್ನು ತಿಂದು ಯಾರೂ ಸಾಯಲ್ಲ. ನಿಮ್ಮ ಮಗ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದ್ತಿದ್ದ. ಎದೆ ನೋವು ಅಂದ್ರೂ ಒಂದು ಪರೀಕ್ಷೆಗೆ ಬರಲಿಲ್ಲ, ನಾನೇ ಎರಡು ಸಲ ಕರೆದಿದ್ದೆ. ಹತ್ತು ಕಾರಣ ಸೇರಿ ಹೀಗಾಗುತ್ತೆ. ಊಟ ಅದರಲ್ಲಿ ಒಂದು. ಆ ಒಂದು ಮಾತ್ರ ನಿಮ್ಮ ಕೈಲಿದೆ. ಹಿಟ್ಟು ಮುಟ್ಟಿ."

"ಬೆಣ್ಣೆ ಇಲ್ಲ ಅಂದ್ರೆ ಬೇಕಿಂಗ್ ಎಲ್ಲಿಂದ ಬಂತು?"

"ಬೆಣ್ಣೆ, ಎಣ್ಣೆ, ಮೊಟ್ಟೆ, ಹಾಲು, ಸಕ್ಕರೆ, ಯಾವುದೂ ಬೇಡ."

ಮೇಸ್ತ್ರಿ ಮುಖ ಸಿಂಡರಿಸಿದರು. "ಇನ್ನೇನು, ಗೋಡೆಗೆ ಬಳಿಯೋ ಗಾರೆ ಬೇಯಿಸ್ಲಾ?"

"ಮೂವತ್ತೈದು ವರ್ಷದ ಕಸುಬು, ಬೆಣ್ಣೆ ಡಬ್ಬ ಮುಚ್ಚಿದ ತಕ್ಷಣ ಓಡಿಹೋಗುತ್ತಾ? ಕೇಳಿಸ್ಕೊಳ್ಳಿ. ಜಿಡ್ಡಿನ ಬದಲು, ಸಿಪ್ಪೆ ಕಪ್ಪಾದ ಬಾಳೆಹಣ್ಣು. ಸಕ್ಕರೆ ಬದಲು, ನೆನೆಸಿ ರುಬ್ಬಿದ ಖರ್ಜೂರ, ಅದೂ ನಾಲ್ಕೇ. ಮೊಟ್ಟೆ ಬದಲು, ಅಗಸೆ ಬೀಜದ ಪುಡಿ. ಎರಡು ಚಮಚ ಪುಡಿಗೆ ಆರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ರೆ ಲೋಳೆ ಬರುತ್ತೆ. ಮೈದಾ ಬೇಡ. ಓಟ್ಸ್ ಪುಡಿ, ಗೋಧಿ ಹಿಟ್ಟು."

"ಮನೇಲಿ ಓವನ್ನೇ ಇಲ್ವಲ್ಲ."

"ದಪ್ಪ ತಳದ ಪಾತ್ರೆ ಇಲ್ವಾ? ಒಳಗೊಂದು ಸ್ಟ್ಯಾಂಡು, ಅದರ ಮೇಲೆ ಹಿಟ್ಟಿನ ಡಬ್ಬಿ, ಪಾತ್ರೆಗೆ ಬಿಗಿ ಮುಚ್ಚಳ, ಸಣ್ಣ ಉರಿ. ನೆಪ ಹುಡುಕಬೇಡಿ ಮೇಸ್ತ್ರಿ."

ಮೇಸ್ತ್ರಿ ಹಣ್ಣಿನಂಗಡಿಗೆ ಹೋದರು. ಕಪ್ಪಾದ ಬಾಳೆಹಣ್ಣು ಕೊಡಿ ಅಂದರೆ ಅಂಗಡಿಯವನು ಇವರ ಮುಖವನ್ನೇ ನೋಡಿದ.

ಈಗ ಬಂತು ನೋಡಿ ಫಜೀತಿ. ಅವರಿಗೆ ಗೊತ್ತಿದ್ದದ್ದು ಮೂಟೆಯ ಲೆಕ್ಕ. ಒಂದು ಮೂಟೆ ಹಿಟ್ಟಿಗೆ ಇಷ್ಟು ನೀರು, ಇಷ್ಟು ಸೋಡ. ಒಂದು ಮನೆಗೆ, ಅದೂ ಇಬ್ಬರಿಗೆ, ಯಾವತ್ತಾದರೂ ಮಾಡಿದ್ದರೆ ತಾನೇ? ಕೈ ತನ್ನ ಪಾಡಿಗೆ ಸುರಿಯಿತು. ಹಿಟ್ಟು ಪಾತ್ರೆ ಮೀರಿತು, ಬಕೆಟ್ಟಿಗೆ ಬಂತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಾದ ಮೇಲೊಂದು ಬೇಯಿಸಿ ಆರು ಬ್ರೆಡ್ಡಾಯಿತು. ಹಳೇ ಚಾಳಿಗೆ ಎಣ್ಣೆ ಸವರಲು ಹೋದ ಕೈಯನ್ನು ತಾವೇ ತಡೆದುಕೊಂಡಿದ್ದರು, ಅದಕ್ಕೇ ಆರೂ ಡಬ್ಬಿಗೆ ಕಚ್ಚಿಕೊಂಡವು. ಚಾಕು ಹಾಕಿ ಎಬ್ಬಿಸಿದರೆ ತಳ ಅಲ್ಲೇ ಉಳಿಯಿತು.

ತಳವಿಲ್ಲದ ಐದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಪ್ರತಿ ಬಾಗಿಲಲ್ಲೂ ನಗು, ಮಾತು, "ಏನ್ ಮೇಸ್ತ್ರಿ, ಮತ್ತೆ ಶುರುವಾ?" ಎಲ್ಲ ಮುಗಿಸಿ ತಮ್ಮ ಮನೆಗೆ ಬಂದರೆ ಮೇಜಿನ ಮೇಲೆ ಒಂದು ಬ್ರೆಡ್ಡು, ಸುತ್ತ ಮೂರು ಕುರ್ಚಿ. ಬೀದಿಗೆಲ್ಲ ಹಂಚಿದವರಿಗೆ ತಮ್ಮ ಮನೆಯಲ್ಲಿ ಒಂದು ಚೂರು ತಿನ್ನುವವರೇ ಇಲ್ಲ. ಮೇಸ್ತ್ರಿ ಅಲ್ಲೇ ನಿಂತು ಅತ್ತರು. ಅಳಲಿ ಬಿಡಿ, ಎರಡು ವರ್ಷದಿಂದ ಅತ್ತಿರಲಿಲ್ಲ.

ಮಾರನೇ ದಿನ ನರ್ಸಮ್ಮ ಬಂದು ತಳದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಟರ್ ಪೇಪರ್ ಹಾಸಿ ಮೇಸ್ತ್ರಿ, ಅದರ ಹೆಸರಲ್ಲಷ್ಟೇ ಬೆಣ್ಣೆ. ಇಲ್ಲಾಂದ್ರೆ ಒಣ ಓಟ್ಸ್ ಪುಡಿ ದಪ್ಪಗೆ ಉದುರಿಸಿ. ಬೆಂದ ಮೇಲೆ ಹತ್ತು ನಿಮಿಷ ಡಬ್ಬೀಲೇ ಆರಲಿ, ಆಮೇಲೆ ಬೋರಲು ಹಾಕಿ. ಎಣ್ಣೆ ಬಂದಾಗ ಕಣ್ಣು ಮುಚ್ಕೊಬೇಡ ಅಂತ ಗಾದೆ ಇದೆ ನಿಜ. ನೀವು ಮಾತ್ರ ಗಟ್ಟಿಯಾಗಿ ಮುಚ್ಕೊಳ್ಳಿ."

ಈ ಸಲ ಮೇಸ್ತ್ರಿ ಮಗ ಟೀ ಕುಡಿಯುತ್ತಿದ್ದ ಲೋಟವನ್ನೇ ಅಳತೆಗೆ ತೆಗೆದುಕೊಂಡರು. ಒಂದೂವರೆ ಲೋಟ ಓಟ್ಸ್ ಪುಡಿ, ಅರ್ಧ ಲೋಟ ಗೋಧಿ ಹಿಟ್ಟು, ಕಿವುಚಿದ ಬಾಳೆಹಣ್ಣು ಮೂರು, ಖರ್ಜೂರ, ಅಗಸೆ ಲೋಳೆ, ಒಂದು ಚಮಚ ಅಡುಗೆ ಸೋಡ, ಅದನ್ನು ಉಬ್ಬಿಸಲು ಒಂದು ದೊಡ್ಡ ಚಮಚ ನಿಂಬೆ ರಸ, ಚಿಟಿಕೆ ಉಪ್ಪು, ಸ್ವಲ್ಪ ಚಕ್ಕೆ ಪುಡಿ, ಹದಕ್ಕೆ ಬೇಕಾದಷ್ಟು ನೀರು. ಮುಕ್ಕಾಲು ಗಂಟೆ ಸಣ್ಣ ಉರಿ. ಕಡ್ಡಿ ಚುಚ್ಚಿದರೆ ಒಣಗಿ ಬಂತು. ಬೋರಲು ಹಾಕಿದರೆ ತಳ ಸಮೇತ ಜಾರಿ ಬಂತು. ಮೇಸ್ತ್ರಿ "ಆಹಾ!" ಅಂದರು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಬೆಳಿಗ್ಗೆ ಎರಡು ಹೋಳು ತಿಂಡಿ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಕೆಳಗೆ ಬಿದ್ದಿದ್ದ ಕಾಗದವನ್ನು ಅದರ ಮೇಲಿಟ್ಟು ಸೊಸೆಗೆ ಕೊಟ್ಟರು. "ಚೀಟಿ ನೋಡಿಬಿಟ್ಟೆ, ತಪ್ಪಾಯ್ತಮ್ಮ. ಇದು ದಾರಿಗೆ."

ಅವಳು ಕಾಗದ ನೋಡಿದಳು, ಮಾವನ ಮುಖ ನೋಡಿದಳು, ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಸಂಜೆ ಡಬ್ಬಿ ಖಾಲಿ! ಮೂರು ದಿನವೂ ಖಾಲಿ. ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕನೇ ದಿನ ತಡೆಯಲಾರದೆ ಕೇಳಿಯೇ ಬಿಟ್ಟರು.

"ಹೇಗಿತ್ತಮ್ಮಾ?"

ಸೊಸೆಗೆ ಸುಳ್ಳು ಹೇಳಿ ಗೊತ್ತಿಲ್ಲ. ತಲೆ ತಗ್ಗಿಸಿದಳು. "ಚೆನ್ನಾಗಿದೆಯಂತೆ ಮಾವ. ಡ್ರೈವರಣ್ಣ ತಿಂದ್ರು."

"ಮೂರು ದಿನವೂ?"

"ಹೂಂ."

ಮೇಸ್ತ್ರಿ ಕುರ್ಚಿಯ ಮೇಲೆ ಕುಸಿದರು. "ಸಿಟ್ಟಿದ್ರೆ ಬಾಯಿ ಬಿಟ್ಟು ಬಯ್ಯಮ್ಮ. ನನ್ನ ಕೈ ತಿಂಡಿ ನಿನಗೆ ವಿಷ ಅಂತ ಅನ್ನಿಸ್ತಿದ್ರೆ ಹೇಳಿಬಿಡು. ಮಾತಾಡದೇ ಕೊಲ್ಲಬೇಡ."

"ಅಯ್ಯೋ, ಸಿಟ್ಟಲ್ಲ ಮಾವ!" ಅವಳು ಅಲ್ಲೇ ನೆಲದ ಮೇಲೆ ಕೂತಳು. "ಅವರು ದಿನಾ ಜೇಬಲ್ಲಿ ಬನ್ನು ಇಟ್ಕೊಂಡು ಬರ್ತಿದ್ರಲ್ಲ. ಅಂಗಿ ತುಂಬ ಬೆಣ್ಣೆ ವಾಸನೆ. ಒಗೆದ್ರೂ ಹೋಗ್ತಿರಲಿಲ್ಲ. ಈಗ ನೀವು ಮಾಡಿದ್ದು ಏನಾದ್ರೂ ತೆರೆದ್ರೆ ಆ ವಾಸನೆ ಬರುತ್ತೆ, ಅವರು ಬಂದ್ರು ಅನ್ನಿಸುತ್ತೆ, ತಿರುಗಿ ನೋಡಿದ್ರೆ ಯಾರೂ ಇರಲ್ಲ ಅಂತ ಭಯ. ಆ ಡಬ್ಬೀನ ನಾನು ತೆರೆದೇ ಇಲ್ಲ. ಮುಚ್ಚಿದ ಹಾಗೇ ಕೊಟ್ಟುಬಿಟ್ಟೆ. ಟೀನೂ ಅಷ್ಟೇ. ನಿಮ್ಮ ಕೈಯದು ಅಂದ್ರೆ ಅವರೇ ನೆನಪಾಗ್ತಾರೆ."

ಎರಡು ವರ್ಷ. ಇಷ್ಟು ಮಾತಾಡಲು ಎರಡು ವರ್ಷ ಬೇಕಾಯಿತು, ನೋಡಿ.

ಮೇಸ್ತ್ರಿ ಎದ್ದು ಅಡುಗೆಮನೆಗೆ ಹೋದರು. ಉಳಿದಿದ್ದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳ ಮುಂದಿಟ್ಟರು.

"ಇದರಲ್ಲಿ ಬೆಣ್ಣೆ ಇಲ್ಲಮ್ಮ. ಎಣ್ಣೆ ಇಲ್ಲ. ಆ ವಾಸನೆ ಬರಲ್ಲ. ಮೂಸಿ ನೋಡು."

ಅವಳು ಬಟ್ಟೆಯತ್ತ ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ಆಮೇಲೆ ಒಂದು ತುದಿ ಎತ್ತಿದಳು. ಬಾಳೆಹಣ್ಣು, ಚಕ್ಕೆ, ಬೆಂದ ಓಟ್ಸಿನ ವಾಸನೆ. ಅವಳಿಗೆ ಗೊತ್ತಿರದ, ಯಾರ ನೆನಪೂ ಅಂಟಿರದ ಹೊಸ ವಾಸನೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು.

"ಉಪ್ಪು ಸ್ವಲ್ಪ ಕಮ್ಮಿ ಮಾವ" ಅಂದಳು. ಇನ್ನೊಂದು ಚೂರು ಮುರಿದಳು.

ಎರಡು ವರ್ಷದಲ್ಲಿ ಮೊದಲ ಸಲ ಅವರ ಅಡುಗೆಯಲ್ಲಿ ಒಬ್ಬರು ತಪ್ಪು ತೆಗೆದಿದ್ದರು. ಮೇಸ್ತ್ರಿಗೆ ಅದಕ್ಕಿಂತ ಸಿಹಿ ಮಾತು ಕೇಳಿದ ನೆನಪಿಲ್ಲ.

ಈಗ ಆ ಮನೆಯಲ್ಲಿ ಬೆಳಿಗ್ಗೆ ಎರಡು ತಟ್ಟೆ. ಮೇಜಿನ ಹತ್ತಿರ ಇಬ್ಬರೂ ಕೂರುವುದಿಲ್ಲ, ಮೂರನೇ ಕುರ್ಚಿ ಕಾಣುತ್ತದೆ. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಾರೆ. ಒಂದು ದಿನ ಬ್ರೆಡ್ಡು. ಒಂದು ದಿನ, ಹಿಂದಿನ ಸಂಜೆಯೇ ನೀರಲ್ಲಿ ನೆನೆಸಿಟ್ಟ ಓಟ್ಸಿಗೆ ಹೆಚ್ಚಿದ ಸೇಬು, ನಾಲ್ಕು ಬಾದಾಮಿ. ದುಃಖ ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ. ಆದರೆ ಅವಳು ಸ್ಟ್ಯಾಂಡಿನ ಕರಿದ ತಿಂಡಿ ಬಿಟ್ಟಿದ್ದಾಳೆ, ಸಂಜೆ ಒಂದು ಸ್ಟಾಪು ಮುಂಚೆ ಇಳಿದು ನಡೆದು ಬರುತ್ತಾಳೆ. ಮೂರು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಳು. ಒಂದು ಕೆಂಪು ಗೆರೆ ಹೋಗಿತ್ತು, ಇನ್ನೊಂದರ ಅಂಕಿ ಇಳಿದಿತ್ತು. ಚೀಟಿಯನ್ನು ತಾನೇ ತಂದು ಮಾವನ ಕೈಗಿಟ್ಟಳು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೂ ಒಂದು ಮಾತು. ಬೆಳಗಿನ ತಿಂಡಿ ತಪ್ಪಿಸಬೇಡಿ, ಒಬ್ಬರೇ ಇದ್ದೀರಿ ಅಂತಲಂತೂ ತಪ್ಪಿಸಲೇಬೇಡಿ. ವಾರಕ್ಕೆರಡು ದಿನವಾದರೂ ಎಣ್ಣೆ ಡಬ್ಬ ಮುಚ್ಚಿಟ್ಟು ಮೇಸ್ತ್ರಿಯ ಲೋಟದ ಅಳತೆಯಲ್ಲಿ ಮಾಡಿ ನೋಡಿ. ಸಕ್ಕರೆ ಕಾಯಿಲೆ ಇದ್ದವರು ಬಾಳೆಹಣ್ಣು, ಖರ್ಜೂರ ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಕೊಂಡು ಮಾಡಿ. ಡಾಕ್ಟರು ಕೊಟ್ಟ ಮಾತ್ರೆ ನೀವಾಗೇ ಬಿಡಬೇಡಿ. ಹಾಲು, ಮೊಟ್ಟೆ, ಮಾಂಸ ಪೂರ್ತಿ ಬಿಡುವವರು ಬಿ-12 ಜೀವಸತ್ವದ ಬಗ್ಗೆ ಡಾಕ್ಟರನ್ನು ಕೇಳಿ. ಎದೆ ನೋವು ಅಂದರೆ ನಾಳೆಗೆ ತಳ್ಳಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಬೀದಿಯಲ್ಲಿ ಒಬ್ಬರೇ ಉಣ್ಣುವವರು ಯಾರಾದರೂ ಇದ್ದರೆ ಎರಡು ಹೋಳು ತೆಗೆದುಕೊಂಡು ಹೋಗಿ. ಕೊಟ್ಟು ಬಂದುಬಿಡಬೇಡಿ. ಅವರು ಡಬ್ಬಿ ತೆರೆದು, ತಿಂದು, ಉಪ್ಪು ಕಮ್ಮಿ ಅನ್ನುವವರೆಗೆ ಜೊತೆಗೇ ಕೂತಿರಿ.